ಹಿಂದಿನ ಮನೆಯ ಸಂಬಳ

ಅಕ್ಕನಿಗೆ ಒಡಹುಟ್ಟಿದ ತಂಗಿಯರು ಯಾರೂ ಇರಲಿಲ್ಲ. ಆದರೂ ಆ ಬೀದಿಯಲ್ಲಿ ಎಲ್ಲರಿಗೂ ಅವಳು ಅಕ್ಕ. ಇದನ್ನು ಶುರು ಮಾಡಿದ್ದು ಅವಳು ಮಗು ನೋಡಿಕೊಳ್ಳುತ್ತಿದ್ದ ಮನೆಯ ಯಜಮಾನಿ. ಕೆಲಸಕ್ಕೆ ಸೇರಿದ ಮೊದಲ ವಾರವೇ ಯಜಮಾನಿ ಅವಳ ಕೈ ಹಿಡಿದುಕೊಂಡು, "ನಿನ್ನನ್ನ ಆಯಾ ಅಂತ ಕರೆಯೋಕೆ ನಂಗೆ ಮನಸ್ಸೇ ಬರಲ್ಲ. ನೀನು ನನ್ನ ಅಕ್ಕ ಇದ್ದ ಹಾಗೆ" ಎಂದಿದ್ದಳು. ಅಂದಿನಿಂದ ಆ ಮನೆಯವರಿಗೆ ಅಕ್ಕ, ತರಕಾರಿ ಗಾಡಿಯವನಿಗೆ ಅಕ್ಕ, ಶಾಲೆಯ ಗೇಟು ಕಾಯುವ ಮುದುಕನಿಗೂ ಅಕ್ಕ. ಆ ಮನೆಯ ಮಗು ಪುಟ್ಟಿ ಮಾತು ಕಲಿತಾಗ, ತಾಯಿಗೆ ಅಕ್ಕನಾದವಳು ತನಗೆ ದೊಡ್ಡಮ್ಮನೇ ಅಲ್ಲವೇ ಎಂದು ಲೆಕ್ಕ ಹಾಕಿದವಳಂತೆ ದೊಡ್ಡಮ್ಮ ಎಂದಳು. ಅಕ್ಕ ಮಾತ್ರ ಯಜಮಾನಿಯನ್ನು ತಂಗಿ ಎಂದು ಒಂದು ದಿನವೂ ಕರೆಯಲಿಲ್ಲ. ಅಮ್ಮ ಎನ್ನುತ್ತಿದ್ದಳು. ಹಾಗೆ ನೋಡಿದರೆ ಈ ನಂಟು ಒಂದೇ ಕಡೆಯಿಂದ ಬೆಳೆದದ್ದು, ಆದರೆ ಬೆಳೆದದ್ದಂತೂ ಸುಳ್ಳಲ್ಲ.

ಅಕ್ಕ ಎಂದು ಕರೆಸಿಕೊಂಡವಳು ಸಂಬಳದ ಮಾತು ಎತ್ತುವುದು ಹೇಗೆ? ಇದೇ ಅವಳ ತೊಡಕು. ಸೇರಿದಾಗ ಯಜಮಾನಿ ಮತ್ತು ಗಂಡ ಪರದೆ ಬಟ್ಟೆಯ ಅಂಗಡಿ ಆಗಷ್ಟೇ ತೆರೆದಿದ್ದರು. "ಸದ್ಯಕ್ಕೆ ಇಷ್ಟು ಇಟ್ಕೋ ಅಕ್ಕ, ಅಂಗಡಿ ನಿಂತ್ಕೊಳ್ಳಲಿ" ಎಂದಿದ್ದಳು ಯಜಮಾನಿ. ಅಂಗಡಿ ನಿಂತುಕೊಂಡಿತು, ಆಮೇಲೆ ನಡೆಯಿತು, ಆಮೇಲೆ ಓಡಿತು. ಪಕ್ಕದ ಅಂಗಡಿಯ ಗೋಡೆ ಒಡೆದು ಅದನ್ನೂ ಸೇರಿಸಿಕೊಂಡದ್ದಾಯಿತು. ಅಕ್ಕನ ಸಂಬಳ ಮಾತ್ರ ವರ್ಷಕ್ಕೊಮ್ಮೆ ಹುಡುಕಿದರೆ ಕಾಣುವಷ್ಟು ಮೇಲೆ ಹೋಗುತ್ತಿತ್ತು. ಒಂದು ಸಲ ಧೈರ್ಯ ಮಾಡಿ, "ಅಮ್ಮ, ಒಂದು ಮಾತು" ಎಂದು ಶುರು ಮಾಡಿದ್ದಳು. ಅಷ್ಟರಲ್ಲಿ ಯಜಮಾನಿ, "ಅಯ್ಯೋ, ನಾನೇ ಹೇಳ್ಬೇಕು ಅಂತಿದ್ದೆ" ಎಂದು ಒಳಗೆ ಓಡಿ, ಹೊಸ ಸ್ವೆಟರ್ ಒಂದನ್ನು ತಂದು ಅವಳ ಹೆಗಲಿಗೆ ಹಿಡಿದು ಅಳತೆ ನೋಡಿದಳು. ಸ್ವೆಟರ್ ಚೆನ್ನಾಗಿಯೇ ಇತ್ತು. ಹೆಗಲ ಮೇಲೆ ಉಡುಗೊರೆ ಹೊತ್ತುಕೊಂಡು ಸಂಬಳ ಜಾಸ್ತಿ ಮಾಡಿ ಎಂದು ಕೇಳಲು ಅಕ್ಕನಿಗೆ ನಾಲಿಗೆ ಏಳಲಿಲ್ಲ.

ಮನೆಯಲ್ಲಿ ಅವಳ ಗಂಡ ಇದನ್ನೆಲ್ಲ ಕೇಳಿ ಕೇಳಿ ಬೇಸತ್ತಿದ್ದ. ಅವನು ಲಿಫ್ಟು ರಿಪೇರಿ ಮಾಡುವವನು, ಸಿಕ್ಕಿಹಾಕಿಕೊಂಡ ಜನರನ್ನು ಹೊರಗೆ ಎಳೆದು ಅಭ್ಯಾಸವಿದ್ದವನು. ಹೆಂಡತಿಯನ್ನು ಮಾತ್ರ ಎಳೆಯಲಾಗಲಿಲ್ಲ.

"ಪಾಪ, ಅವರಿಗೆ ಹೊರಗಿನ ರೇಟು ಎಲ್ಲಿ ಗೊತ್ತು?" ಎನ್ನುತ್ತಿದ್ದಳು ಅಕ್ಕ ಪ್ರತಿ ವರ್ಷ. "ಅಂಗಡಿ, ಮನೆ, ಇಷ್ಟರಲ್ಲೇ ಮುಳುಗಿರ್ತಾರೆ. ಗೊತ್ತಿದ್ರೆ ಕೊಡದೇ ಇರ್ತಾರಾ?"

"ಊರಲ್ಲಿರೋ ಎಲ್ಲಾ ಅಂಗಡಿಯ ಪರದೆ ಬಟ್ಟೆ ರೇಟು ಅವರಿಗೆ ಬಾಯಲ್ಲೇ ಇದೆ" ಎನ್ನುತ್ತಿದ್ದ ಗಂಡ. "ನಿನ್ನದೊಂದೇ ಗೊತ್ತಿಲ್ಲ, ಅಲ್ವಾ?"

"ನೀವು ಸುಮ್ಮನಿರಿ" ಎನ್ನುತ್ತಿದ್ದಳು ಅಕ್ಕ.

ಹೀಗೆ ಒಂಬತ್ತು ವರ್ಷ ಕಳೆಯಿತು. ಪುಟ್ಟಿ ಈಗ ತಾನೇ ಜಡೆ ಹಾಕಿಕೊಳ್ಳುತ್ತಾಳೆ, ತಾನೇ ಬೀಗ ತೆಗೆದು ಹಾಲು ಬಿಸಿ ಮಾಡಿಕೊಳ್ಳುತ್ತಾಳೆ. ಶಾಲೆಯ ವ್ಯಾನು ಬರುವ ಹೊತ್ತಿಗೆ ಅಕ್ಕ ಗೇಟಿಗೆ ಬಂದು ನಿಂತರೆ, "ದೊಡ್ಡಮ್ಮ, ನೀನು ಬರಬೇಡ, ಎಲ್ಲಾ ನಗ್ತಾರೆ" ಎಂದು ಮುಖ ಊದಿಸುತ್ತಾಳೆ. ಮಗು ಬೆಳೆಸುವ ಕೆಲಸದಲ್ಲಿ ಇದೊಂದು ಅನ್ಯಾಯ ಇದ್ದದ್ದೇ. ಕೆಲಸ ಎಷ್ಟು ಚೆನ್ನಾಗಿ ಮಾಡುತ್ತೀರೋ ಅಷ್ಟು ಬೇಗ ಕೆಲಸ ಹೋಗುತ್ತದೆ. ಯಜಮಾನಿ ಒಂದು ಮಧ್ಯಾಹ್ನ ಕಣ್ಣಲ್ಲಿ ನೀರು ತಂದುಕೊಂಡು ವಿಷಯ ತಿಳಿಸಿದಳು. ತಿಂಗಳ ಕೊನೆಯವರೆಗೂ ಇರಬಹುದು, ಅಷ್ಟರಲ್ಲಿ ಬೇರೆ ಮನೆ ನೋಡಿಕೊಳ್ಳಬೇಕು. "ಯಾರು ಫೋನ್ ಮಾಡಿದ್ರೂ ನಾನು ಬಾಯ್ತುಂಬ ಹೇಳ್ತೀನಿ ಅಕ್ಕ, ನೀನು ಅದರ ಯೋಚನೆ ಬಿಡು" ಎಂದಳು. ಅಕ್ಕ ಅಳಲಿಲ್ಲ. ಪುಟ್ಟಿಗೆ ಸಣ್ಣದಾದ ಬಟ್ಟೆಗಳನ್ನು ಕಪಾಟಿನಿಂದ ತೆಗೆದು ಬೇರೆ ಮಾಡಲು ಶುರು ಮಾಡಿದಳು.

ಮನೆಗೆಲಸಕ್ಕೆ, ಮಗು ನೋಡಿಕೊಳ್ಳಲು ಜನ ಕೊಡಿಸುವ ಏಜೆನ್ಸಿ ಇದ್ದದ್ದು ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗಲೇ ಸೋಪಿನ ಹಬೆ, ಇಸ್ತ್ರಿಯ ಕಾವು. ಮೇಲೆ ಒಂದೇ ಕೋಣೆ. ಒಂದು ಮೇಜು, ಕಂಪ್ಯೂಟರು, ಅದರ ಹಿಂದೆ ಏಜೆನ್ಸಿ ನಡೆಸುವ ಹೆಂಗಸು, ಎದುರಿಗೆ ಸಾಲಾಗಿ ಪ್ಲಾಸ್ಟಿಕ್ ಕುರ್ಚಿಗಳು. ಕೆಲಸ ಕೇಳಲು ಬಂದ ಹೆಂಗಸರು ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದರು. ಗೋಡೆಯ ಮೇಲೆ ಹಲ್ಲಿಲ್ಲದೆ ನಗುವ ಒಂದು ಮಗುವಿನ ಚಿತ್ರ. ಅಷ್ಟು ಹೊತ್ತು ಅಷ್ಟು ಸುಮ್ಮನೆ ನಗುವ ಮಗುವನ್ನು ಆ ಕೋಣೆಯಲ್ಲಿ ಯಾರೂ ಕಂಡಿರಲಿಲ್ಲ. ಅಡ್ಡಗೋಡೆ ಇಲ್ಲವಾದ್ದರಿಂದ ಒಬ್ಬರಿಗೆ ಕೇಳಿದ ಪ್ರಶ್ನೆ ಎಲ್ಲರಿಗೂ ಕೇಳಿಸುತ್ತಿತ್ತು, ಉತ್ತರ ಇನ್ನೂ ಚೆನ್ನಾಗಿ ಕೇಳಿಸುತ್ತಿತ್ತು.

ಅಕ್ಕನಿಗಿಂತ ಮುಂದೆ ಒಬ್ಬ ಹುಡುಗಿ. ಇಪ್ಪತ್ತೈದು ದಾಟಿರಲಿಕ್ಕಿಲ್ಲ, ಒಂದೇ ಮನೆಯಲ್ಲಿ ಎರಡು ವರ್ಷ ಮಾಡಿದ ಅನುಭವ. "ಹಿಂದಿನ ಮನೇಲಿ ಎಷ್ಟು ಕೊಡ್ತಿದ್ರು?" ಎಂದು ಹೆಂಗಸು ಕೇಳಿದಾಗ ಆ ಹುಡುಗಿ ಬಸ್ಸಿನ ಟಿಕೆಟ್ಟಿನ ದರ ಹೇಳುವಷ್ಟು ಸಲೀಸಾಗಿ ಹೇಳಿದಳು. ಅಕ್ಕ ತನ್ನ ಕಿವಿಗೆ ತಪ್ಪಾಗಿ ಕೇಳಿಸಿತೇನೋ ಎಂದುಕೊಂಡಳು. ಅದು ಅವಳ ಸಂಬಳದ ಸರಿಯಾಗಿ ಎರಡರಷ್ಟು. ಏಜೆನ್ಸಿಯ ಹೆಂಗಸು ಹುಬ್ಬು ಕೂಡ ಏರಿಸಲಿಲ್ಲ. "ಸರಿ. ಈಗ ಎಷ್ಟು ಬೇಕು?" ಎಂದಳು. ಹುಡುಗಿ ಅದರ ಮೇಲೂ ಸ್ವಲ್ಪ ಕೇಳಿದಳು. ಸಾಲಿನಲ್ಲಿ ಕೂತ ಯಾರೂ ಮೂಗು ಮುರಿಯಲಿಲ್ಲ. ಹಾಗಾದರೆ ಅದೇ ನಡೆಯುವ ಸಂಬಳ ಎಂದು ಅಕ್ಕನಿಗೆ ಅರ್ಥವಾಯಿತು.

ಅವಳ ಸರದಿ ಬಂತು.

"ಒಂದೇ ಮನೇಲಿ ಒಂಬತ್ತು ವರ್ಷಾನಾ?" ಹೆಂಗಸು ಕನ್ನಡಕ ತೆಗೆದು ಅವಳನ್ನು ನೋಡಿದಳು. "ಮಗು ಹುಟ್ಟಿದಾಗಿಂದ?"

"ಆಸ್ಪತ್ರೆಯಿಂದ ಮನೆಗೆ ತಂದ ದಿನದಿಂದ."

"ಇಂಥವರು ಈಗೆಲ್ಲಿ ಸಿಗ್ತಾರೆ! ಮನೆಯೂ ಒಳ್ಳೇದೇ ಇರ್ಬೇಕು."

"ಚಿನ್ನದಂಥ ಮನೆ" ಎಂದಳು ಅಕ್ಕ. ಮನಸ್ಸಿನಿಂದಲೇ ಬಂದ ಮಾತು. ಸ್ವಲ್ಪ ಜೋರಾಗಿಯೇ ಬಂದುಬಿಟ್ಟಿತು. ಕುರ್ಚಿಯ ಮೇಲಿದ್ದವರೆಲ್ಲ ಅವಳತ್ತ ತಿರುಗಿದರು.

"ಚಿನ್ನದಂಥ ಮನೇಲಿ ಎಷ್ಟು ಕೊಡ್ತಿದ್ರಪ್ಪ?"

ಅಕ್ಕನಿಗೆ ನಾಚಿಕೆಯಾಯಿತು. ನಾಚಿಕೆ ಅವಳ ಬಗ್ಗೆ ಅಲ್ಲ, ಆ ಮನೆಯ ಬಗ್ಗೆ. ಚಿನ್ನದಂಥ ಮನೆ ಎಂದ ಬಾಯಲ್ಲೇ ಆ ಸಂಬಳ ಹೇಳಿದರೆ ಇವರೆಲ್ಲ ಏನೆಂದುಕೊಂಡಾರು? ಅಕ್ಕ ಅಕ್ಕ ಅನ್ನುತ್ತಲೇ ಹಿಂಡಿಬಿಟ್ಟರು ಎಂದು ಆಡಿಕೊಳ್ಳುವುದಿಲ್ಲವೇ? ಪುಟ್ಟಿಯ ತಾಯಿಯನ್ನು ಗುರುತು ಪರಿಚಯ ಇಲ್ಲದ ಜನ ಇಸ್ತ್ರಿಯ ಹಬೆಯಲ್ಲಿ ಕೂತು ಜಿಪುಣಿ ಎನ್ನುವುದನ್ನು ಅವಳು ಕೇಳಲಾರಳು. ಬೇರೆಯವರು ಹೆಚ್ಚು ಸಂಬಳದ ಆಸೆಗೆ ಸುಳ್ಳು ಹೇಳುತ್ತಾರೆ. ನಮ್ಮ ಅಕ್ಕ ಕಡಿಮೆ ಕೊಟ್ಟವರ ಮಾನ ಉಳಿಸಲು ಸುಳ್ಳು ಹೇಳಿದಳು. ಅದನ್ನೂ ಪೂರ್ತಿ ಹೇಳಲು ಮನಸ್ಸು ಬರದೆ, ತನ್ನ ಸಂಬಳದ ಒಂದೂವರೆಯಷ್ಟು ಹೇಳಿದಳು.

ಹೆಂಗಸು ಕಂಪ್ಯೂಟರಿನಲ್ಲಿ ಒತ್ತಿಕೊಂಡಳು. "ನಿಮ್ಮ ಅನುಭವಕ್ಕೆ ಕಡಿಮೆಯೇ. ಇರ್ಲಿ. ಹಿಂದಿನ ಮನೆಯದ್ದರ ಮೇಲೆ ಸ್ವಲ್ಪ ಸೇರಿಸಿ ಹೊಸ ಮನೆಯವರು ಕೊಡ್ತಾರೆ, ಇಲ್ಲಿ ನಡೆಯೋದೇ ಹಾಗೆ. ಈ ವಯಸ್ಸಿಗೆ ನೀವು ಇನ್ನೊಂದು ಮಗು ಬೆಳೆಸ್ತೀರಿ, ಹೆಚ್ಚಂದ್ರೆ ಎರಡು. ಈಗ ಹಿಡಿದ ಸಂಬಳವೇ ನಿಮಗೆ ಕೊನೇವರೆಗೂ. ಆಮೇಲೆ ಇನ್ನೊಂದು ಮಾತು."

"ಹೇಳಿ."

"ಹೊಸ ಮನೆಯವರು ಹಳೇ ಮನೆಗೆ ಫೋನ್ ಮಾಡಿ ಕೇಳ್ತಾರೆ. ನೀವು ಹೇಳಿದ್ದಕ್ಕೂ ಅವರು ಹೇಳಿದ್ದಕ್ಕೂ ತಾಳೆ ಆಗ್ಬೇಕು. ಮೊನ್ನೆ ಒಬ್ಬಳು ಸಂಬಳ ಏರಿಸಿ ಹೇಳಿ ಸಿಕ್ಕಿಬಿದ್ಲು. ಸಂಬಳದಲ್ಲಿ ಸುಳ್ಳು ಹೇಳೋಳು ನಾಳೆ ಮಗು ಬಿದ್ದಿದ್ದನ್ನೂ ಮುಚ್ಚಿಡ್ತಾಳೆ ಅಂದ್ರು ಆ ಮನೆಯವರು. ತಪ್ಪೇನಿದೆ? ಅವಳ ಹೆಸರು ತೆಗೆದುಹಾಕ್ದೆ. ಅವಳಿಗೆ ಇನ್ನು ಈ ಊರಲ್ಲಿ ಮಗು ಕೆಲಸ ಸಿಗಲ್ಲ."

ಅಕ್ಕನಿಗೆ ಈಗಲೇ ನಿಜ ಹೇಳಿಬಿಡೋಣ ಎನ್ನಿಸಿತು. ಆದರೆ ಹಿಂದೆ ಅಷ್ಟು ಜನ ಕಿವಿ ತೆರೆದುಕೊಂಡು ಕೂತಿದ್ದರು. "ಆಗ್ಲಿ" ಎಂದು ಎದ್ದು ಮೆಟ್ಟಿಲಿಳಿದಳು.

ಆ ಸಂಜೆ ಗಂಡನಿಗೆ ಹೇಳಿದಾಗ ಅವನು ನಗುತ್ತಲೇ ಹಣೆ ಹಣೆ ಚಚ್ಚಿಕೊಂಡ.

"ಹೇಗೂ ಸುಳ್ಳು ಹೇಳೋಕೆ ಹೊರಟಿದ್ದೆ. ಪೂರ್ತಿ ಹೇಳಬಾರದಿತ್ತಾ? ಎರಡು ಮಹಡಿ ಮಧ್ಯೆ ನಿಲ್ಲಿಸಿಬಿಟ್ಟೆಯಲ್ಲೇ! ಅತ್ತ ಆ ಹುಡುಗಿಯಷ್ಟು ಸಂಬಳವೂ ಇಲ್ಲ, ಇತ್ತ ನಿಜ ಹೇಳಿದ ನೆಮ್ಮದಿಯೂ ಇಲ್ಲ."

"ನಗಬೇಡಿ. ಹೆಸರು ತೆಗೆದುಹಾಕ್ತಾರಂತೆ. ಕೆಲಸ ಹೋದ್ರೆ ಹೋಗ್ಲಿ, ಸುಳ್ಳಿ ಅನ್ನಿಸ್ಕೋಬೇಕಾ ಈ ವಯಸ್ಸಲ್ಲಿ? ಸುಳ್ಳು ಹೇಳೋಳ ಕೈಗೆ ಯಾರು ಮಗು ಕೊಡ್ತಾರೆ?"

ಅವನು ನಗು ನಿಲ್ಲಿಸಿದ. "ನಾಳೆನೇ ನಿಮ್ಮ ಯಜಮಾನಿಗೆ ಹೇಳ್ಬಿಡು. ಹೀಗೆ ಹೀಗೆ ಆಯ್ತು, ಯಾರಾದ್ರೂ ಕೇಳಿದ್ರೆ ನೀವೂ ಇಷ್ಟೇ ಹೇಳಿ ಅಂತ. ಅಷ್ಟು ಮಾಡಲ್ವಾ ಅವರು? ಅಕ್ಕ ಅಂತಾರಲ್ಲ."

ಹೇಳುವುದು ಸುಲಭ. ಮರುದಿನ ಅಕ್ಕ ಅಡುಗೆಮನೆಯಲ್ಲಿ ಯಜಮಾನಿಯ ಪಕ್ಕದಲ್ಲೇ ನಿಂತು ಪುಟ್ಟಿಯ ಊಟದ ಡಬ್ಬಿ ಒರೆಸುತ್ತಿದ್ದಳು. ಒರೆಸಿದ ಡಬ್ಬಿಯನ್ನೇ ಮತ್ತೆ ಒರೆಸಿದಳು. ಏಕೆಂದರೆ, ನೀವು ಇಷ್ಟು ಕೊಟ್ಟಿರಿ ಎಂದು ಹೇಳಿದ್ದೇನೆ ಎನ್ನುವುದಕ್ಕೂ, ನೀವು ಕೊಟ್ಟದ್ದು ಬಾಯಿಬಿಟ್ಟು ಹೇಳಲು ನಾಚಿಕೆಯಾಗುವಷ್ಟು ಎನ್ನುವುದಕ್ಕೂ ವ್ಯತ್ಯಾಸ ಏನೂ ಇಲ್ಲ. ಒಂದನ್ನು ಹೇಳಿದರೆ ಇನ್ನೊಂದೂ ಹೇಳಿದ ಹಾಗೆ. ಯಾರಿಗೆ ನೋವಾಗಬಾರದೆಂದು ಸುಳ್ಳು ಹೇಳಿದಳೋ ಅವರ ಮುಖಕ್ಕೇ ಹೋಗಿ ಎಸೆದ ಹಾಗೆ.

"ಏನು ಅಕ್ಕ, ಆ ಡಬ್ಬಿ ಸವೆದುಹೋಗುತ್ತೆ" ಎಂದಳು ಯಜಮಾನಿ ನಗುತ್ತ. "ಏಜೆನ್ಸಿಗೆ ಹೋಗಿದ್ಯಲ್ಲ, ಏನಂದ್ರು?"

"ಫೋನ್ ಮಾಡ್ತಾರಂತೆ ನಿಮಗೆ."

"ಮಾಡ್ಲಿ ಬಿಡು. ನಿನ್ನ ಬಗ್ಗೆ ಹೇಳೋಕೆ ನಂಗೇನು ಕಡಿಮೆನಾ?"

"ಅವರು ಎಲ್ಲಾ ಕೇಳ್ತಾರಂತೆ ಅಮ್ಮ. ಸಂಬಳ..." ಎಂದಳು ಅಕ್ಕ, ಧೈರ್ಯವನ್ನೆಲ್ಲ ಒಟ್ಟುಗೂಡಿಸಿ.

ಅಷ್ಟರಲ್ಲಿ ಯಜಮಾನಿಯ ಫೋನು ಬಡಿದುಕೊಂಡಿತು. ಅಂಗಡಿಯಿಂದ ಕರೆ, ಯಾರದೋ ಕಿಟಕಿಗೆ ಪರದೆ ಗೇಣು ಗಿಡ್ಡವಾಗಿತ್ತಂತೆ. ಯಜಮಾನಿ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಫೋನು ಬಂದದ್ದಕ್ಕೆ ಅಕ್ಕನಿಗೆ ಸಮಾಧಾನವಾಯಿತು ಎಂದರೆ ಅವಳ ಪುಕ್ಕಲುತನ ಎಷ್ಟೆಂದು ಲೆಕ್ಕ ಹಾಕಿಕೊಳ್ಳಿ. ಆಮೇಲೆ ಇನ್ನೂ ಎರಡು ಸಲ ಬಾಯಿ ತೆರೆದು ಹಾಗೇ ಮುಚ್ಚಿದಳು.

ವಾರದೊಳಗೆ ಏಜೆನ್ಸಿಯವಳು ಒಂದು ಮನೆಯ ವಿಳಾಸ ಕೊಟ್ಟಳು. ಹಲ್ಲಿನ ಡಾಕ್ಟರು, ಏಳು ತಿಂಗಳ ಮಗು, ಮುಂದಿನ ತಿಂಗಳು ಆಕೆ ಕ್ಲಿನಿಕ್ಕಿಗೆ ಮರಳಬೇಕು. ಪುಟ್ಟಿ ಶಾಲೆಗೆ ಹೋಗಿದ್ದ ಹೊತ್ತಿನಲ್ಲಿ ಅಕ್ಕ ಅಲ್ಲಿಗೆ ಹೋದಳು.

ಮನೆ ಮೂರನೆಯ ಮಹಡಿಯಲ್ಲಿತ್ತು. ಬಾಗಿಲು ತೆರೆದ ಡಾಕ್ಟರಮ್ಮನ ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಹಾಲಿನ ಬಾಟಲಿ, ಹೆಗಲ ಮೇಲೆ ಮಗು ಕಕ್ಕಿದ ಹಾಲಿನ ಕಲೆ. ಸೋಫಾದ ಮೇಲೆ ಒಗೆದ ಬಟ್ಟೆಯ ರಾಶಿ. ತಾಯಿ ಎರಡು ದಿನದಿಂದ ನಿದ್ದೆ ಮಾಡಿಲ್ಲ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಮಗು ಮಾತ್ರ ಬೇಕಾದಷ್ಟು ನಿದ್ದೆ ಮಾಡಿದವನಂತೆ ಲಕಲಕ ಹೊಳೆಯುತ್ತ ಅಕ್ಕನ ಚೀಲದ ಕೊಂಡಿಯತ್ತ ಕೈ ಚಾಚಿದ. ಅಕ್ಕನಿಗೆ ಅವನು ಕಂಡ ಕೂಡಲೇ ಇಷ್ಟವಾದ. ಏಳು ತಿಂಗಳ ಮಗುವಿನ ಮೈಯ ವಾಸನೆ ಮೂಗಿಗೆ ಬಿದ್ದು ಎಷ್ಟು ವರ್ಷವಾಗಿತ್ತು! ಈ ಮನೆ ಬೇಕು ಎಂದು ಅವಳ ಮನಸ್ಸು ಅಲ್ಲೇ ಹಟ ಹಿಡಿಯಿತು. ಬೇಕು ಎನ್ನಿಸಿದ್ದೇ ತಡ, ಫೋನಿನ ವಿಷಯ ನೆನಪಾಯಿತು.

ಡಾಕ್ಟರಮ್ಮ ನೇರ ಮಾತಿನವಳು. ಮಗುವಿಗೆ ಜ್ವರ ಬಂದರೆ ಮೊದಲು ಏನು ಮಾಡುತ್ತೀರಿ, ಅಳು ನಿಲ್ಲಿಸದಿದ್ದರೆ ಟೀವಿ ಹಾಕುತ್ತೀರಾ, ಬಾಗಿಲಿಗೆ ಯಾರಾದರೂ ಬಂದರೆ ಮಗುವನ್ನು ಎಲ್ಲಿ ಬಿಡುತ್ತೀರಿ. ಅಕ್ಕ ತಿಳಿದದ್ದು ಹೇಳಿದಳು, ತಿಳಿಯದ್ದಕ್ಕೆ ನಿಮ್ಮನ್ನು ಕೇಳುತ್ತೇನೆ ಎಂದಳು. ಡಾಕ್ಟರಮ್ಮ ತಲೆದೂಗಿದಳು.

"ನಂಗೆ ನೀವು ಹಿಡಿಸಿದ್ರಿ. ನಿಮ್ಮ ಹಳೇ ಮನೆಯವರ ಹತ್ರ ಒಂದೇ ಒಂದು ಮಾತು ಮಾತಾಡಿಬಿಡ್ತೀನಿ. ಈಗಲೇ ಮಾಡ್ಲಾ, ನಿಮ್ಮೆದುರಿಗೇ? ಬೆನ್ನ ಹಿಂದೆ ಕೇಳೋದು ನಂಗೆ ಆಗಲ್ಲ."

ಬೇಡ ಎಂದರೆ ಅನುಮಾನ, ಹೂಂ ಎಂದರೆ ಅನಾಹುತ. ಅಕ್ಕ ಹೂಂ ಎಂದಳು.

ಡಾಕ್ಟರಮ್ಮನ ಎರಡೂ ಕೈ ಮಗುವಿನಲ್ಲಿ ಸಿಕ್ಕಿಕೊಂಡಿದ್ದವು. ಹಾಗಾಗಿ ಫೋನನ್ನು ಮೇಜಿನ ಮೇಲಿಟ್ಟು, ಹೆಬ್ಬೆರಳಿನಿಂದ ಸ್ಪೀಕರ್ ಒತ್ತಿದಳು. ಎರಡು ಸಲ ರಿಂಗಾಗುವುದರೊಳಗೆ ಯಜಮಾನಿಯ ದನಿ ಕೋಣೆ ತುಂಬಿತು. ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿದ್ದಳೆಂದು ಕಾಣುತ್ತದೆ, ಹಿಂದೆ ತಟ್ಟೆಯ ಸದ್ದು. ಡಾಕ್ಟರಮ್ಮ ಯಾರು, ಏಕೆ ಎಂದು ಹೇಳಿದಳು. ಅಷ್ಟೇ ಸಾಕಾಯಿತು. ಯಜಮಾನಿ ಶುರು ಮಾಡಿದಳು.

"ಅಯ್ಯೋ, ಅಕ್ಕನಂಥವರು ಸಿಗಲ್ಲ ಕಣ್ರೀ! ನನ್ನ ಮಗಳು ಮೊದಲು ನಡೆದಿದ್ದು ಅವಳ ಕೈ ಹಿಡ್ಕೊಂಡು. ನಾನು ಅಂಗಡೀಲಿ ಇದ್ದೆ. ಮಗು ಏನಾದ್ರೂ ಬಿದ್ದು ಪೆಟ್ಟು ಮಾಡ್ಕೊಂಡ್ರೆ, ನಾನು ಬಾಗಿಲು ತೆಗೆಯೋಕೆ ಮುಂಚೆ ತಾನೇ ಹೇಳೋಳು, ಒಂದು ದಿನ ಮುಚ್ಚಿಟ್ಟಿಲ್ಲ. ಅವಳನ್ನ ಬಿಡೋಕೆ ನಂಗೆ ಸುತರಾಂ ಇಷ್ಟ ಇಲ್ಲ, ಏನ್ಮಾಡೋದು, ಮಗು ದೊಡ್ಡದಾಯ್ತು."

ಅಕ್ಕನ ಕಣ್ಣು ತುಂಬಿ ಬಂತು. ಇಂಥವರ ಬಗ್ಗೆ ನಾನು ಎಷ್ಟು ಹೆದರಿದೆ ಎಂದುಕೊಂಡಳು.

"ತುಂಬಾ ಸಂತೋಷ" ಎಂದಳು ಡಾಕ್ಟರಮ್ಮ. "ಕೊನೇದಾಗಿ ಒಂದು. ನೀವು ಸಂಬಳ ಎಷ್ಟು ಕೊಡ್ತಿದ್ರಿ ಅಂತ ಕೇಳಬಹುದಾ?"

ಅಕ್ಕ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು.

ಯಜಮಾನಿ ತಡವರಿಸಲಿಲ್ಲ, ಯೋಚಿಸಲಿಲ್ಲ, ಕೆಮ್ಮಲೂ ಇಲ್ಲ. ಏಜೆನ್ಸಿಯಲ್ಲಿ ಆ ಹುಡುಗಿ ಹೇಳಿದ ಮೊತ್ತವನ್ನೇ ಹೇಳಿದಳು. ಅಕ್ಕನ ಸಂಬಳದ ಎರಡರಷ್ಟು, ಒಂದು ಕಾಸು ಹೆಚ್ಚಿಲ್ಲ, ಒಂದು ಕಾಸು ಕಡಿಮೆ ಇಲ್ಲ.

"ಹೌದಾ? ಏಜೆನ್ಸಿಯವರು ನಂಗೆ ಅದಕ್ಕಿಂತ ಕಡಿಮೆ ಹೇಳಿದ್ರಲ್ಲ?" ಎಂದಳು ಡಾಕ್ಟರಮ್ಮ.

ಫೋನಿನಲ್ಲಿ ಯಜಮಾನಿ ನಕ್ಕಳು. "ಅಕ್ಕ ಹೇಳಿರೋದಾ? ಅವಳ ಸ್ವಭಾವವೇ ಅಷ್ಟು ರೀ. ತನ್ನ ವಿಷಯದಲ್ಲಿ ಯಾವಾಗಲೂ ಕಡಿಮೆ ಹೇಳ್ಕೊಳ್ಳೋಳು. ನೀವು ಅದಕ್ಕೆ ಕಡಿಮೆ ಕೊಡಬೇಡಿ ಪಾಪ."

ಡಾಕ್ಟರಮ್ಮನೂ ನಕ್ಕು ಫೋನು ಇಟ್ಟಳು. "ಸಂಬಳ ಇಳಿಸಿ ಹೇಳೋರನ್ನ ಇದೇ ಮೊದಲು ನೋಡ್ತಿರೋದು ನಾನು" ಎಂದು, ಯಜಮಾನಿ ಹೇಳಿದ್ದರ ಮೇಲೆ ಇನ್ನೂ ಸ್ವಲ್ಪ ಸೇರಿಸಿ ಕೊಡುವುದಾಗಿ ಹೇಳಿದಳು. ವಾರಕ್ಕೊಂದು ರಜೆ, ಬಸ್ಸಿನ ಖರ್ಚು ಬೇರೆ. ಒಂದನೇ ತಾರೀಕಿನಿಂದ ಬರಬಹುದು. ಅಕ್ಕ ಎಲ್ಲಕ್ಕೂ ತಲೆಯಾಡಿಸಿದಳು. ಮಗು ಕೊನೆಗೂ ಅವಳ ಚೀಲದ ಕೊಂಡಿಯನ್ನು ಬಾಯಿಗೆ ಹಾಕಿಕೊಂಡಿತು. ಅದನ್ನು ಮೆಲ್ಲಗೆ ಬಿಡಿಸಿ, ಒರೆಸಿ, ಹೊರಟಳು.

ಕೆಲಸ ಸಿಕ್ಕಿತು. ಕನಸಿನಲ್ಲೂ ಎಣಿಸದ ಸಂಬಳ ಸಿಕ್ಕಿತು. ಸುಳ್ಳಿ ಎನ್ನಿಸಿಕೊಳ್ಳುವ ಬದಲು ಸಂಕೋಚದವಳು ಎನ್ನಿಸಿಕೊಂಡಳು. ಗಂಡ ಕೇಳಿದರೆ ಕುಣಿದಾಡುತ್ತಾನೆ. ಆದರೆ ಅಕ್ಕನ ಕಾಲು ಬಸ್ ನಿಲ್ದಾಣದ ಕಡೆ ಏಳಲೇ ಇಲ್ಲ. ಅಲ್ಲಿಂದ ಯಜಮಾನಿಯ ಮನೆಗೆ ನಡೆದೇ ಹೊರಟಳು.

ಎಲ್ಲರೂ ದುಡ್ಡಿನ ವಿಷಯಕ್ಕೆ ಸಿಟ್ಟಾಗುತ್ತಾರೆ. ಅವಳಿಗೆ ದುಡ್ಡಿನ ಸಿಟ್ಟು ಇರಲಿಲ್ಲ. ಕಡಿಮೆ ಕೊಟ್ಟದ್ದನ್ನು ಅವಳು ಎಂದೋ ಹೊಟ್ಟೆಗೆ ಹಾಕಿಕೊಂಡಿದ್ದಳು, ಅವರಿಗೆ ಗೊತ್ತಿಲ್ಲ, ಪಾಪ, ಎಂದು. ಆ 'ಗೊತ್ತಿಲ್ಲ' ಒಂದರ ಮೇಲೆಯೇ ಇಷ್ಟು ವರ್ಷದ ಪ್ರೀತಿ ನಿಂತಿತ್ತು. ಈಗ ನೋಡಿದರೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಕೇಳಿದ ಕ್ಷಣಕ್ಕೆ ನಾಲಿಗೆಯ ತುದಿಗೆ ಬರುವಷ್ಟು ಗೊತ್ತಿತ್ತು. ಪರಿಚಯವಿಲ್ಲದ ಡಾಕ್ಟರಮ್ಮನಿಗೆ, ನೀವು ಕಡಿಮೆ ಕೊಡಬೇಡಿ ಎಂದು ಬುದ್ಧಿ ಹೇಳುವಷ್ಟು ಗೊತ್ತಿತ್ತು. ಅಕ್ಕನಿಗೆ ನೋವಾಯಿತು. ಬಹಳ ನೋವಾಯಿತು. ನಡೆಯುತ್ತ ನಡೆಯುತ್ತ ಅದು ಸಿಟ್ಟಾಯಿತು, ಮನೆಯ ಗೇಟು ತಲುಪುವಾಗ ಎರಡೂ ಕಲಸಿಹೋಗಿದ್ದವು.

ಯಜಮಾನಿ ಬಾಗಿಲಲ್ಲೇ ಕಾಯುತ್ತಿದ್ದಳು. ಮುಖ ಅರಳಿತ್ತು.

"ಸಿಕ್ತಾ ಅಕ್ಕ? ಸಿಕ್ಕೇ ಇರುತ್ತೆ. ಆ ಡಾಕ್ಟರು ಫೋನ್ ಮಾಡಿದ್ರು, ಎಷ್ಟು ಹೊಗಳಿದೀನಿ ಗೊತ್ತಾ! ಎಷ್ಟಕ್ಕೆ ಒಪ್ಪಿದ್ರು?"

"ನೀವು ಹೇಳಿದ್ದರ ಮೇಲೆ ಸ್ವಲ್ಪ."

"ನಾನು ಹೇಳಿದ್ದಾ?" ಯಜಮಾನಿಯ ನಗು ಅರ್ಧಕ್ಕೆ ನಿಂತಿತು. "ಅವರು ನಿಂಗೆ ಹೇಳಿದ್ರಾ?"

"ಅವರು ಹೇಳಲಿಲ್ಲ. ಅವರ ಕೈಲಿ ಮಗು ಇತ್ತು. ಸ್ಪೀಕರ್ ಹಾಕಿ ಫೋನನ್ನ ಮೇಜಿನ ಮೇಲೆ ಇಟ್ಟಿದ್ರು. ನಾನು ಪಕ್ಕದಲ್ಲೇ ನಿಂತಿದ್ದೆ."

ಯಜಮಾನಿ ಒಂದು ಕುರ್ಚಿ ಎಳೆದು ಕೂತಳು. ಊಟದ ತಟ್ಟೆ ಇನ್ನೂ ಮೇಜಿನ ಮೇಲೇ ಇತ್ತು. "ನಿಂಗೆ ಒಳ್ಳೇದಾಗ್ಲಿ ಅಂತ ಹೇಳ್ದೆ ಅಕ್ಕ."

"ಗೊತ್ತಮ್ಮ. ಒಳ್ಳೇದೇ ಆಯ್ತು."

"ಮತ್ತೆ ಯಾಕೆ ಹಾಗೆ ನೋಡ್ತಿದೀಯ?"

"ಅಷ್ಟು ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಅದಾ? ನಮ್ಮ ನಾದಿನಿ ಮನೇಲಿ ಆಯಾಗೆ ಅಷ್ಟು ಕೊಡ್ತಾರೆ. ಅದೇ ಬಾಯಿಗೆ ಬಂತು."

"ಯಾವಾಗಿಂದ ಕೊಡ್ತಿದಾರೆ?"

ನಾದಿನಿಯ ಮಗ ಪುಟ್ಟಿಗಿಂತ ಸ್ವಲ್ಪವೇ ಚಿಕ್ಕವನು. ಅವರು ಈ ಮನೆಗೆ ಬಂದಾಗ ಅವನ ಆಯಾ ಸೋಫಾದ ಮೇಲೆ ಕೂತಿರುತ್ತಿದ್ದಳು, ಇಬ್ಬರು ಮಕ್ಕಳಿಗೂ ಉಣ್ಣಿಸುತ್ತಿದ್ದವಳು ಅಕ್ಕ. ಅದನ್ನು ಇಬ್ಬರೂ ಒಟ್ಟಿಗೇ ನೆನೆಸಿಕೊಂಡಿರಬೇಕು, ಯಜಮಾನಿ ಕಣ್ಣು ತಗ್ಗಿಸಿದಳು.

"ಪ್ರತಿ ವರ್ಷ ಅನ್ಕೋತಿದ್ದೆ ಅಕ್ಕ" ಎಂದಳು ಆಮೇಲೆ. ದನಿ ಒಡೆದಿತ್ತು. "ಈ ಸಲ ಸರಿಯಾಗಿ ಕೊಡೋಣ ಅಂತ. ಏನೋ ಒಂದು ಖರ್ಚು ಬರೋದು. ನೀನೂ ಕೇಳ್ತಿರಲಿಲ್ಲ. ನೀನು ಕೇಳಿದ್ರೆ ನಾನು ಇಲ್ಲ ಅಂತಿದ್ನಾ?"

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಅಕ್ಕನಿಗೆ ಇನ್ನೂ ಉರಿಯಿತು.

"ಈಗ ಕೇಳ್ತಿದೀನಿ" ಎಂದಳು.

"ಏನು?"

"ಈ ತಿಂಗಳ ಸಂಬಳ. ನೀವು ಫೋನಲ್ಲಿ ಹೇಳಿದಷ್ಟು ಕೊಡಿ. ಹಿಂದಿನದು ಕೇಳಲ್ಲ, ಇದೊಂದು ತಿಂಗಳದ್ದು ಸಾಕು. ಆಗ ನೀವು ಹೇಳಿದ್ದೂ ನಿಜ ಆಗುತ್ತೆ. ನಾನೂ ಸುಳ್ಳು ಹೊತ್ಕೊಂಡು ಇನ್ನೊಂದು ಮಗುವಿನ ಮನೆಗೆ ಹೋಗೋದು ತಪ್ಪುತ್ತೆ."

ಇಷ್ಟು ಮಾತನ್ನು ಅವಳು ಆ ಮನೆಯಲ್ಲಿ ತನ್ನ ಸಲುವಾಗಿ ಒಂದೇ ಸಲಕ್ಕೆ ಎಂದೂ ಆಡಿರಲಿಲ್ಲ. ದನಿ ಏರಿಸಲಿಲ್ಲ. ಮಗುವಿಗೆ ಕೈ ತೊಳೆದು ಬಾ ಎಂದು ಹೇಳುವ ದನಿಯಲ್ಲೇ ಹೇಳಿದಳು.

ಯಜಮಾನಿ ಮೂಗು ಒರೆಸಿಕೊಂಡಳು. ಚೌಕಾಸಿ ಮಾಡಲಿಲ್ಲ, ಗಂಡನನ್ನು ಕೇಳಿ ಹೇಳುತ್ತೇನೆ ಎನ್ನಲಿಲ್ಲ, ಅಂಗಡಿಯ ಮಾತು ಎತ್ತಲಿಲ್ಲ. "ಆಯ್ತು, ಕೊಡ್ತೀನಿ" ಎಂದಳು. ಅಷ್ಟೇ.

ಅಕ್ಕ ಮೇಜಿನ ಮೇಲಿದ್ದ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿದ ಮೇಲೆ ಅವಳಿಗೆ ಅಳು ಬಂತು. ಕೆಲಸ ಬಿಡಿಸಿದ ದಿನ ಬಾರದ ಅಳು, ಫೋನಿನಲ್ಲಿ ಆ ಸಂಬಳ ಕೇಳಿದಾಗ ಬಾರದ ಅಳು, ಬೇಡವೆಂದರೂ ನಿಲ್ಲದೆ ಬಂತು. ಹೆದರಿ ಹೆದರಿ ಒಂಬತ್ತು ವರ್ಷ ಗಂಟಲಲ್ಲಿ ಹಿಡಿದಿಟ್ಟುಕೊಂಡಿದ್ದ ಮಾತದು. ಕೇಳಿದರೆ ಏನಾಗಿಬಿಡುತ್ತದೋ, ನಂಟೇ ಕಡಿದುಹೋಗುತ್ತದೋ ಎಂದು ಅಂಜಿಕೊಂಡಿದ್ದ ಮಾತು. ಕೇಳಿದಳು, ಆಯ್ತು ಎಂದರು. ಇಷ್ಟೇ ಇತ್ತು, ಇಷ್ಟು ಸುಲಭವಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು, ತಟ್ಟೆ ತೊಳೆದು ಬೋರಲು ಹಾಕಿ, ಪುಟ್ಟಿಯ ವ್ಯಾನು ಬರುವ ಹೊತ್ತಾಯಿತೆಂದು ಗೇಟಿನ ಕಡೆ ನಡೆದಳು.